ಸುನಂದಳ ಪರವಾಗಿ ನಾನು

ಪಕ್ಕದವರನ್ನು ಕೇಳಿದ ಪ್ರಶ್ನೆಗೆ ತಾವು ಉತ್ತರ ಕೊಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ ಅನ್ನಿಸಿದರೆ ಸ್ವಲ್ಪ ಹುಷಾರಾಗಿರಿ, ಅದು ನೀವೇ ಇರಬಹುದು. ನಮ್ಮ ಮನೆಯಲ್ಲಿ ಅದು ನಾನು. ಹೋಟೆಲಿನವನು ನನ್ನ ತಂಗಿ ಸುನಂದಳನ್ನು "ನಿಮಗೇನು ಕೊಡ್ಲಿ?" ಎಂದು ಕೇಳಿದರೆ, "ಅವಳಿಗೆ ಸೆಟ್ ದೋಸೆ, ಚಟ್ನಿ ಜಾಸ್ತಿ" ಅಂತ ನಾನು ಹೇಳುತ್ತೇನೆ. ಬಳೆ ಅಂಗಡಿಯವನು ಅವಳ ಕೈ ಅಮುಕಿ "ನೋಯ್ತಾ ಅಮ್ಮ?" ಅಂದರೆ, "ಇಲ್ಲ, ನೋಯಲ್ಲ" ಅಂತ ನಾನು ಹೇಳುತ್ತೇನೆ. ಒಮ್ಮೆ ಗಂಟಲು ಡಾಕ್ಟರು ಅವಳ ಮುಂದೆ ಟಾರ್ಚು ಹಿಡಿದು "ಎಲ್ಲಿ, ಆ ಅನ್ನಿ" ಎಂದಾಗ ನಾನು ಹಿಂದಿನಿಂದ "ಆ..." ಅಂದುಬಿಟ್ಟೆ. ಅವರು ತಿರುಗಿ ನನ್ನ ಬಾಯೊಳಗೆ ಒಂದು ಸಲ ಟಾರ್ಚು ಬಿಟ್ಟು, "ನಿಮ್ಮ ಗಂಟಲು ತುಂಬಾ ಗಟ್ಟಿಯಾಗಿದೆ ಅಮ್ಮ. ಈಗ ಅವರದ್ದು ನೋಡ್ತೀನಿ" ಅಂದರು.

ಇದನ್ನೆಲ್ಲ ನಾನು ಪ್ರೀತಿ ಅಂತ ಅಂದುಕೊಂಡಿದ್ದೆ. ಐವತ್ತೆರಡನೇ ವಯಸ್ಸಿನಲ್ಲಿ, ಶಿವಮೊಗ್ಗದ ರವೀಂದ್ರನಗರದ ಒಂದು ಮಹಡಿ ಕೋಣೆಯಲ್ಲಿ, ಎಂಟು ಪ್ಲಾಸ್ಟಿಕ್ ಕುರ್ಚಿಗಳ ಪೈಕಿ ಒಂದರ ಮೇಲೆ ಕೂತಾಗ ಇದರ ಒಳಗಡೆ ಇನ್ನೇನೋ ಇದೆ ಅಂತ ಗೊತ್ತಾಯಿತು. ಗೊತ್ತಾದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ನನ್ನ ಓದು ಏಳನೇ ಕ್ಲಾಸು. ಇಷ್ಟು ದೊಡ್ಡ ವಿಷಯ ನನ್ನಂಥವಳಿಗೆ ಒಂದೇ ಏಟಿಗೆ ತಿಳಿದುಬಿಟ್ಟರೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ನೀವೇ ಹೇಳಿ. ಬೇಡ, ನಾನೇ ಹೇಳುತ್ತೇನೆ.

ನಾವಿರುವುದು ಭದ್ರಾವತಿಯಲ್ಲಿ. ನಮ್ಮ ಯಜಮಾನರು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ಈಗ ಮನೆಯಲ್ಲಿ ಕನ್ನಡಕ ಹುಡುಕಿಕೊಂಡಿದ್ದಾರೆ. ಸುನಂದ ನನಗಿಂತ ಏಳು ವರ್ಷ ಚಿಕ್ಕವಳು. ಮದುವೆ ಆಗಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಾಳೆ. ಹತ್ತಿರದ ಒಂದು ನರ್ಸರಿ ಶಾಲೆಯಲ್ಲಿ ಹದಿನಾರು ವರ್ಷದಿಂದ ಆಯಾ. ಮಕ್ಕಳ ಶೂ ಹಾಕುವುದು, ಮೂಗು ಒರೆಸುವುದು, ಅಳುವ ಮಗುವನ್ನು ಗೇಟಿನಿಂದ ಒಳಗೆ ತರುವುದು, ಇವೆಲ್ಲ ಅವಳ ಕೆಲಸ. ಟೀಚರು ಮುಂದೆ ನಿಂತು ಪಾಠ ಹೇಳುವಾಗ ಇವಳು ಹಿಂದೆ ಬೆಂಚಿನ ಹತ್ತಿರ ನಿಂತಿರುತ್ತಾಳೆ. ಹೀಗೆ ನಿಂತೂ ನಿಂತೂ ಅವಳಿಗೆ ಪದ್ಯಗಳೆಲ್ಲ ಬಾಯಿಗೆ ಬಂದಿವೆ, ಲೆಕ್ಕ ಹೇಳಿಕೊಡುವ ಉಪಾಯಗಳೂ ಬಂದಿವೆ. ಮನೆಯಲ್ಲಿ ಪಾತ್ರೆ ತೊಳೆಯುವಾಗ ಅವಳು ಗುನುಗುವುದನ್ನು ನೀವು ಕೇಳಬೇಕು, ನಲ್ಲಿಯೂ ತಾಳ ಹಾಕುತ್ತದೆ.

ಈ ವರ್ಷ ಮಾರ್ಚಿನಲ್ಲಿ ಶಾಲೆಯ ದೊಡ್ಡ ಮೇಡಂ ಅವಳನ್ನು ಕರೆದು, "ಯುಕೆಜಿ ಟೀಚರ್ ಬಿಟ್ಟು ಹೋಗ್ತಿದ್ದಾರೆ. ಜೂನಿನಿಂದ ಆ ಕ್ಲಾಸ್ ನೀವೇ ತಗೊಳ್ಳಿ ಸುನಂದಾ. ಮಕ್ಕಳು ನಿಮ್ಮ ಮಾತೇ ಕೇಳೋದು. ಮೇ ಮುಗಿಯೋದ್ರೊಳಗೆ ಹೂಂ ಅಥವಾ ಉಹೂಂ ಅಂತ ಹೇಳಿಬಿಡಿ" ಎಂದರಂತೆ. ಮಾರನೇ ದಿನ ಹಳೇ ಟೀಚರು ರಜೆ. ಹೇಗೆ ಮಾಡ್ತಾಳೋ ನೋಡೋಣ ಅಂತ ಇವಳನ್ನೇ ಕ್ಲಾಸಿಗೆ ನಿಲ್ಲಿಸಿದ್ದಾರೆ. ಸುನಂದ ಚಾಕ್‌ಪೀಸ್ ಹಿಡಿದು ಹಲಗೆಯ ಕಡೆಗೆ ತಿರುಗಿದ್ದಾಳೆ, ಅಷ್ಟೆ. ಎದೆ ಢವಢವ, ಅಂಗೈ ಒದ್ದೆ, ಉಸಿರು ಸಿಗುತ್ತಿಲ್ಲ. ಆಟೋದಲ್ಲಿ ಮನೆಗೆ ತಂದು ಬಿಟ್ಟರು. ಅವತ್ತಿನಿಂದ ಬಸ್ಸು ಹತ್ತಿದರೂ ಅದೇ, ಸಂತೆಗೆ ಹೋದರೂ ಅದೇ. ಇಸಿಜಿ ಆಯಿತು, ರಕ್ತಪರೀಕ್ಷೆ ಆಯಿತು. ಎಲ್ಲ ಸರಿಯಾಗಿದೆ ಅಂದರು. ಕೊನೆಗೆ ಶಿವಮೊಗ್ಗದ ಮನಸ್ಸಿನ ಡಾಕ್ಟರಮ್ಮ ಒಬ್ಬರು, "ಮಾತ್ರೆ ಬೇಡ. ಪ್ರತಿ ಮಂಗಳವಾರ ಒಂದು ಗುಂಪು ಕೂರುತ್ತೆ. ಅಲ್ಲಿ ಬನ್ನಿ, ಮಾತಾಡೋಣ" ಎಂದರು.

ನಮ್ಮ ಯಜಮಾನರಿಗೆ ಇದು ಕೇಳಿ ಆಶ್ಚರ್ಯ. "ಗುಂಪಲ್ಲಿ ಕೂತು ಮಾತಾಡಿದ್ರೆ ಕಾಯಿಲೆ ವಾಸಿ ಆಗೋದಾದ್ರೆ ನಮ್ಮ ಬಸ್‌ಸ್ಟ್ಯಾಂಡಲ್ಲಿ ಒಬ್ಬನಿಗೂ ಕಾಯಿಲೆ ಇರಬಾರದಿತ್ತಲ್ಲೇ ಮಾರಾಯ್ತಿ!" ಅಂದರು. ಸುನಂದ ಒಬ್ಬಳೇ ಬಸ್ಸು ಹತ್ತುವ ಹಾಗಿರಲಿಲ್ಲ, ಹಾಗಾಗಿ ನಾನೂ ಹೊರಟೆ. "ನಾನು ಹೊರಗೆ ಕೂತಿರ್ತೀನಿ ಮೇಡಂ" ಎಂದೆ. ಡಾಕ್ಟರಮ್ಮ ನನ್ನನ್ನು ಒಂದು ನಿಮಿಷ ನೋಡಿ, "ಬೇಡ, ನೀವೂ ಒಳಗೆ ಬನ್ನಿ. ಆದ್ರೆ ಒಳಗೆ ಬಂದ ಮೇಲೆ ಎಲ್ಲರ ಹಾಗೆ ನೀವೂ ಒಬ್ಬರು" ಎಂದರು. ಆಗ ನನಗೆ ಅದು ಮರ್ಯಾದೆಯ ಮಾತಿನ ಹಾಗೆ ಕೇಳಿಸಿತ್ತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗುಂಪಿನಲ್ಲಿ ಉಳಿದವರು ಹೇಳಿದ್ದನ್ನು ಹೊರಗೆ ಹೇಳುವಂತಿಲ್ಲ, ನಾನು ಹೇಳುವುದೂ ಇಲ್ಲ. ಆದರೆ ಕುರ್ಚಿಗಳನ್ನು ಖಾಲಿ ತೋರಿಸಲು ಆಗುವುದಿಲ್ಲವಲ್ಲ. ಅದಕ್ಕೆ ಇಬ್ಬರನ್ನು ಮಾತ್ರ ವೇಷ ಹಾಕಿಸಿ ಕೂರಿಸುತ್ತೇನೆ. ಒಬ್ಬರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅವರು ಅಡಿಕೆ ಮಂಡಿಯವರಲ್ಲ, ರೈಟರೂ ಅಲ್ಲ, ಅವರಿಗೆ ನಾನು ಕೊಟ್ಟಿರುವ ಬಿಳಿ ಮೀಸೆ ಕೂಡ ಅವರದ್ದಲ್ಲ. ಇನ್ನೊಬ್ಬ ನಮ್ಮ ಭದ್ರಾವತಿಯ ಕಡೆಯವನೇ, ಸೆಲ್ವಂ ಅಂತ. ಅವನ ಹೆಸರು ಸೆಲ್ವಂ ಅಲ್ಲ. ಉಳಿದವರನ್ನು ನೀವೇ ಊಹಿಸಿಕೊಳ್ಳಿ, ನಿಮ್ಮ ಓಣಿಯಲ್ಲಿರುವ ಜನರ ಹಾಗೇ ಇದ್ದರು.

ಮೊದಲ ಮಂಗಳವಾರ ಹನ್ನೊಂದು ಗಂಟೆಗೆ ಎಲ್ಲರೂ ವೃತ್ತವಾಗಿ ಕೂತೆವು. ಡಾಕ್ಟರಮ್ಮ, "ಇಲ್ಲಿ ಆಡಿದ ಮಾತು ಇಲ್ಲೇ ಇರಲಿ. ಮನಸ್ಸಿಗೆ ಬಂದದ್ದು ಹೇಳಬಹುದು. ಒಂದೂವರೆ ಗಂಟೆ ಸಮಯ ಇದೆ" ಎಂದರು. ಎಂದವರು ಸುಮ್ಮನಾಗಿಬಿಟ್ಟರು! ಒಂದು ನಿಮಿಷ ಆಯಿತು. ಎರಡಾಯಿತು. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು. ಅಲ್ಲಿಂದ ಕೊರೆಯುವ ಶಬ್ದ ಬರುತ್ತಿತ್ತು. ಅದನ್ನು ಕೇಳಿಕೊಂಡು ನಾವೆಲ್ಲ ನಮ್ಮ ನಮ್ಮ ಕಾಲ್ಬೆರಳು ನೋಡುತ್ತಿದ್ದೆವು. ನನಗೆ ಡಾಕ್ಟರಮ್ಮನ ಮೇಲೆ ಕನಿಕರ ಉಕ್ಕಿತು. ಪಾಪ, ಚಿಕ್ಕ ವಯಸ್ಸು, ಮುಂದೆ ಏನು ಹೇಳಬೇಕೆಂದು ಮರೆತುಹೋಗಿದೆ ಅಂದುಕೊಂಡೆ. ನಾನೋ ನಮ್ಮ ಬಡಾವಣೆಯ ಮಹಿಳಾ ಮಂಡಳಿಗೆ ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ನಿಂತುಹೋದ ಸಭೆಯನ್ನು ಎತ್ತಿ ನಿಲ್ಲಿಸುವುದು ನನಗೆ ಉಪ್ಪಿಟ್ಟು ಕೆದಕಿದಷ್ಟೇ ಸುಲಭ. ಎದ್ದು ನಿಂತು, "ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಾರ್ಥನೆ ಆಗಲಿ, ಆಮೇಲೆ ಎಲ್ಲರೂ ಪರಿಚಯ ಮಾಡ್ಕೊಳ್ಳೋಣ" ಎಂದೆ.

ಗುಂಪಿನವರ ಮುಖಗಳನ್ನು ನೀವು ನೋಡಬೇಕಿತ್ತು! ಬಾವಿಗೆ ಬಿದ್ದವರಿಗೆ ಹಗ್ಗ ಕಂಡ ಹಾಗಾಯಿತು. ರೈಟರು ಕೂಡಲೇ ಎದ್ದು ಕಣ್ಣು ಮುಚ್ಚಿ ಗಣಪತಿಯ ಶ್ಲೋಕ ಹೇಳಿದರು. ಸೆಲ್ವಂ ಚಪ್ಪಲಿ ಬಿಟ್ಟು ಕೈ ಮುಗಿದ. ಒಬ್ಬೊಬ್ಬರೂ ಹೆಸರು, ಊರು, ಬಸ್ಸು ಎಲ್ಲಿ ಹತ್ತಿದೆವು ಎಂಬುದನ್ನೆಲ್ಲ ಹೇಳಿದರು. ಸುನಂದಳ ಸರದಿ ಬಂದಾಗ ನಾನು, "ಇವಳು ನನ್ನ ತಂಗಿ ಸುನಂದ. ಸ್ವಲ್ಪ ಭಯದ ಸ್ವಭಾವ. ಮಾತು ಕಮ್ಮಿ" ಎಂದು ಮುಗಿಸಿದೆ. ಡಾಕ್ಟರಮ್ಮ ಒಂದು ಗೀಟೂ ಬರೆದುಕೊಳ್ಳಲಿಲ್ಲ. ಅವರಿಗೆ ಬರೆದುಕೊಳ್ಳಲು ಪುಸ್ತಕವೇ ಇಲ್ಲ ಅನ್ನುವುದು ನನ್ನ ಕಣ್ಣಿಗೆ ಬಿತ್ತು. ಬರುವಾಗ ಗಾಂಧಿ ಬಜಾರಿಗೆ ಹೋಗಿ ಕೆಂಪು ಬೈಂಡಿನ ಒಂದು ಉದ್ದನೆ ಪುಸ್ತಕ ತಂದೆ.

ಎರಡನೇ ವಾರದಿಂದ ನಮ್ಮ ಗುಂಪು ಎಷ್ಟು ಶಿಸ್ತಾಗಿ ನಡೆಯಿತು ಅಂದರೆ, ಅಂಥ ಸಭೆ ಪಂಚಾಯ್ತಿಯಲ್ಲೂ ನಡೆದಿರಲಾರದು. ಮೊದಲು ಹಾಜರಿ. ಆಮೇಲೆ ಹಿಂದಿನ ಸಭೆಯ ನಡಾವಳಿ ಓದುವುದು. ರೈಟರನ್ನು ಅಧ್ಯಕ್ಷರನ್ನಾಗಿ ನಾನು ಸೂಚಿಸಿದೆ, ಸೆಲ್ವಂ ಅನುಮೋದಿಸಿದ. ರೈಟರು ಮೂರು ಸಲ ಬೇಡ ಬೇಡ ಎಂದು ನಾಲ್ಕನೇ ಸಲ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಕೂತರು. ಕೊನೆಗೆ ವಂದನಾರ್ಪಣೆ ನನ್ನದು. "ಒಂದೂ ಮಾತಾಡದೆ ಈ ಸಭೆಯನ್ನು ಯಶಸ್ವಿಗೊಳಿಸಿದ ಡಾಕ್ಟರಮ್ಮನವರಿಗೆ" ಎಂದು ಶುರು ಮಾಡುತ್ತಿದ್ದೆ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಯಾರ ಗುಟ್ಟೂ ಇಲ್ಲದ ಎರಡು ಸಾಲು ನಿಮಗೆ ಓದಿ ಹೇಳುತ್ತೇನೆ. "ಅಧ್ಯಕ್ಷರು ಮಾತಿನ ನಡುವೆ ಅತ್ತರು. ಸಭೆಯು ಅವರನ್ನು ಸರ್ವಾನುಮತದಿಂದ ಸಮಾಧಾನಪಡಿಸಿತು." ಇನ್ನೊಂದು: "ಇಬ್ಬರು ಒಟ್ಟಿಗೆ ಅತ್ತರೆ ಇಬ್ಬರದ್ದೂ ಸರಿಯಾಗಿ ಕೇಳಿಸುವುದಿಲ್ಲವಾದ್ದರಿಂದ, ಇನ್ನು ಮುಂದೆ ಒಬ್ಬರಾದ ಮೇಲೆ ಒಬ್ಬರು ಅಳತಕ್ಕದ್ದೆಂದು ತೀರ್ಮಾನಿಸಲಾಯಿತು."

ಯಾರಾದರೂ ಕಣ್ಣು ಒದ್ದೆ ಮಾಡಿಕೊಂಡು ನಿಜವಾದ ಮಾತು ಎತ್ತಿದರೆ ಸಾಕು, ಸೆಲ್ವಂ ಗಡಿಯಾರ ನೋಡಿ "ಅಕ್ಕಾ, ಮುಂದಿನ ವಿಷಯ ಎನ್ನ?" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳುತ್ತಿದ್ದ. ನಾನು ಪುಟ ತಿರುಗಿಸುತ್ತಿದ್ದೆ. ಒದ್ದೆ ಕಣ್ಣು ಒಣಗುತ್ತಿತ್ತು. ಎಲ್ಲರಿಗೂ ಹಾಯಿ. ಬಸ್ಸಿನಲ್ಲಿ ಬರುವಾಗ ನಾನು ಸುನಂದಳಿಗೆ, "ನೋಡಿದ್ಯಾ, ನಾವು ಹೋದ ಮೇಲೆ ಆ ಗುಂಪು ಹೇಗೆ ದಾರಿಗೆ ಬಂತು!" ಎಂದರೆ ಅವಳು ಕಿಟಕಿಯಾಚೆ ನೋಡಿ "ಹೂಂ ಅಕ್ಕ" ಎನ್ನುತ್ತಿದ್ದಳು. ಅವಳ ಎದೆ ಢವಢವ ಮಾತ್ರ ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಐದನೇ ವಾರ ಡಾಕ್ಟರಮ್ಮ ಬಾಯಿ ಬಿಟ್ಟರು. ನಾನು ಹಾಜರಿ ಕರೆದು ಮುಗಿಸಿದ್ದೆ. ಅವರು ಮೆತ್ತಗೆ, "ಈ ಗುಂಪಿಗೆ ಏನೋ ಭಯ ಇದೆ ಅನ್ಸುತ್ತೆ. ಅದಕ್ಕೇ ಅದಕ್ಕೊಂದು ಪುಸ್ತಕ ಬೇಕಾಗಿದೆ, ಒಬ್ಬ ಅಧ್ಯಕ್ಷರು ಬೇಕಾಗಿದ್ದಾರೆ" ಎಂದರು. ರೈಟರಿಗೆ ಕೋಪ ಬಂತು. "ಹಾಗಾದ್ರೆ ಮೊದಲನೇ ದಿನವೇ ಬೇಡ ಅನ್ನಬೇಕಿತ್ತು ಮೇಡಂ" ಅಂದರು. "ಅಂದಿದ್ರೆ ನಾನೇ ಅಧ್ಯಕ್ಷೆ ಆಗ್ತಿದ್ದೆ, ಅಷ್ಟೇ" ಎಂದು ಡಾಕ್ಟರಮ್ಮ ನಕ್ಕರು. ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಮ್ಮಲ್ಲಿ ಒಬ್ಬೊಬ್ಬರಿಗೂ ನಮಗೇ ಗೊತ್ತಿಲ್ಲದ ಒಂದು ಒಳಮನಸ್ಸು ಇರುವ ಹಾಗೆ, ನಾಲ್ಕು ಜನ ಸೇರಿದರೆ ಆ ಗುಂಪಿಗೂ ಒಂದು ಒಳಮನಸ್ಸು ಬರುತ್ತದಂತೆ. ಅದು ಯಾರನ್ನೂ ಕೇಳದೆ ಕೆಲಸ ಹಂಚುತ್ತದಂತೆ. ಎಲ್ಲರಿಗೂ ಇರುವ ಭಯವನ್ನು ಗಂಟು ಕಟ್ಟಿ ಒಬ್ಬರ ತಲೆ ಮೇಲೆ ಇಡುತ್ತದೆ, ಎಲ್ಲರ ಧೈರ್ಯವನ್ನೂ ಇನ್ನೊಬ್ಬರ ಕೈಗೆ ಕೊಡುತ್ತದೆ. ಒಬ್ಬರು ಯಾವಾಗಲೂ ಜಗಳ ಆಡಬೇಕು, ಒಬ್ಬರು ಯಾವಾಗಲೂ ತಪ್ಪು ಮಾಡಬೇಕು, ಒಬ್ಬರು ಯಾವಾಗಲೂ ಸುಮ್ಮನಿರಬೇಕು. ಹೊತ್ತವರಿಗೂ ಗೊತ್ತಿರುವುದಿಲ್ಲ, ಹೊರಿಸಿದವರಿಗೂ ಗೊತ್ತಿರುವುದಿಲ್ಲ!

ಅಬ್ಬಾ, ನನಗೆ ರೋಮಾಂಚನ ಆಯಿತು! ಏಳನೇ ಕ್ಲಾಸಿನ ನಂತರ ಯಾರೂ ನನಗೆ ಹೊಸ ವಿಷಯ ಅಂತ ಹೇಳಿಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಕೂತರೆ ತಲೆಯೊಳಗೆ ಒಂದಾದ ಮೇಲೆ ಒಂದು ದೀಪ ಹತ್ತುತ್ತಿತ್ತು. ನಮ್ಮ ಮಂಡಳಿಯಲ್ಲಿ ಕಮಲಮ್ಮ ಅಂತ ಒಬ್ಬರಿದ್ದಾರೆ. ಮೈಕು ಕೆಟ್ಟರೂ ಕಮಲಮ್ಮನದೇ ತಪ್ಪು, ಪಾಯಸ ತಳ ಹತ್ತಿದರೂ ಅವರದೇ ತಪ್ಪು. ಹೋದ ಗೌರಿಹಬ್ಬಕ್ಕೆ ಅವರು ಮಗಳ ಮನೆಗೆ ಶಿಕಾರಿಪುರಕ್ಕೆ ಹೋಗಿದ್ದರು. ಆದರೂ ಮೈಕು ಕೆಟ್ಟಾಗ ನಾವೆಲ್ಲ ಒಟ್ಟಿಗೆ, "ಎಲ್ಲಿ ಈ ಕಮಲಮ್ಮ?" ಎಂದಿದ್ದೆವು. ಮಂಡಳಿಯ ಅಧ್ಯಕ್ಷಿಣಿಯರು ನಾಲ್ವರು ಬದಲಾಗಿದ್ದಾರೆ. ಆ ಕುರ್ಚಿಯಲ್ಲಿ ಕೂತ ಮೂರನೇ ತಿಂಗಳಿಗೆ ಸರಿಯಾಗಿ ಪ್ರತಿಯೊಬ್ಬರೂ ಅಹಂಕಾರಿ ಆಗಿಬಿಡುತ್ತಾರೆ, ಅದುವರೆಗೆ ಬಂಗಾರದಂಥವರು! ಹಾಗಾದರೆ ಅಹಂಕಾರ ಇರುವುದು ಅವರಲ್ಲಿ ಅಲ್ಲ, ನಾವು ಉಳಿದ ಇಪ್ಪತ್ತೆರಡು ಜನ ಸೇರಿ ಆ ಕುರ್ಚಿಗೆ ಅಂಟಿಸಿಟ್ಟಿದ್ದೇವೆ! ಮನೆಯಲ್ಲೂ ಅಷ್ಟೆ. ಕನ್ನಡಕ ಕಳೆಯುವುದು ನಮ್ಮ ಯಜಮಾನರ ಕೆಲಸ, ಹುಡುಕಿಕೊಡುವುದು ನನ್ನ ಕೆಲಸ. ಅವರು ಒಂದು ದಿನ ಕಳೆಯದಿದ್ದರೆ ನನಗೇ ಚಡಪಡಿಕೆ, ನಾನೇ ಎಲ್ಲಾದರೂ ಎತ್ತಿಟ್ಟುಬಿಡುತ್ತೇನೆ.

ಇಂಥ ವಿಷಯ ಗೊತ್ತಾದ ಮೇಲೆ ಸುಮ್ಮನಿರುವುದುಂಟೆ? ಮಂಡಳಿಯ ಸಭೆಯಲ್ಲಿ ಎದ್ದು ನಿಂತು, "ನಾವೆಲ್ಲ ನಮ್ಮ ನಮ್ಮ ತಪ್ಪನ್ನ ಕಮಲಮ್ಮನ ತಲೆ ಮೇಲೆ ಹೊರಿಸ್ತಿದ್ದೀವಿ. ಇದು ನಮ್ಮ ಮಂಡಳಿಯ ಒಳಮನಸ್ಸು" ಎಂದು ವಿವರಿಸಿದೆ. ಆಮೇಲೆ ಕಮಲಮ್ಮನೇ ಎದ್ದು, "ಗಿರಿಜಾ, ನೀನು ಶಿವಮೊಗ್ಗಕ್ಕೆ ಹೋಗ್ತಿರೋದು ತಂಗಿಗೆ ತೋರಿಸೋಕೋ, ನಿನಗೆ ತೋರಿಸೋಕೋ?" ಎಂದರು. ಇಪ್ಪತ್ತೆರಡು ಜನವೂ ಬಿದ್ದು ಬಿದ್ದು ನಕ್ಕರು. ಮಂಡಳಿ ಹುಟ್ಟಿದಾಗಿನಿಂದ ಅವರೆಲ್ಲ ಅಷ್ಟು ಒಗ್ಗಟ್ಟಾಗಿದ್ದನ್ನು ನಾನು ನೋಡಿದ್ದೇ ಇಲ್ಲ. ಅವತ್ತಿನಿಂದ ಕಮಲಮ್ಮನಿಗೆ ಬಿಡುವು, ಅವರ ಜಾಗಕ್ಕೆ ನಾನು. ನನಗೆ ಬೇಸರ ಆಗಲಿಲ್ಲ. ಮನೆಗೆ ಓಡಿ ಬಂದು ಯಜಮಾನರಿಗೆ, "ರೀ, ಡಾಕ್ಟರಮ್ಮ ಹೇಳಿದ್ದು ಅಕ್ಷರಶಃ ನಿಜ ಕಣ್ರೀ!" ಎಂದು ಕೂಗಿದೆ.

ಅದೇ ವಾರ ಶಾಲೆಯ ದೊಡ್ಡ ಮೇಡಂ ಸುನಂದಳಿಗೆ ಫೋನ್ ಮಾಡಿದರು. ಅವಳು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಫೋನು ಚಾರ್ಜಿಗೆ ಇಟ್ಟಿದ್ದಳು, ನಾನೇ ಎತ್ತಿದೆ. "ಸುನಂದ ಏನು ತೀರ್ಮಾನ ಮಾಡಿದ್ರು?" ಎಂದು ಕೇಳಿದರು. "ಅವಳ ಕೈಲಿ ಆಗಲ್ಲ ಮೇಡಂ. ತುಂಬಾ ಭಯ ಅವಳಿಗೆ. ಬೇರೆಯವರನ್ನ ನೋಡ್ಕೊಳ್ಳಿ" ಎಂದೆ. ಮೇಡಂ, "ಹಾಗಾ... ಇರಲಿ, ಮೇ ಕೊನೇವರೆಗೂ ಕಾಯ್ತೀನಿ ಅಂದಿದ್ದೀನಿ, ಕಾಯ್ತೀನಿ" ಎಂದು ಇಟ್ಟರು. ತಂಗಿಯ ತಲೆಯಿಂದ ಒಂದು ಚಿಂತೆ ಇಳಿಸಿದೆ ಅಂತ ನನಗೆ ಸಮಾಧಾನ. ಈ ಫೋನಿನ ಸುದ್ದಿ ಅವಳಿಗೆ ಹೇಳಲಿಲ್ಲ. ಊರಿನವರ ಒಳಮನಸ್ಸೆಲ್ಲ ನನ್ನ ಕಣ್ಣಿಗೆ ಹಗಲಿನ ಹಾಗೆ ಕಾಣುತ್ತಿದ್ದ ವಾರ ಅದು.

ಎಂಟನೇ ಮಂಗಳವಾರ. ಗುಂಪಿನಲ್ಲಿ ಅಧ್ಯಕ್ಷರ ಪದವಿ ಅಷ್ಟು ಹೊತ್ತಿಗೆ ಸಡಿಲವಾಗಿತ್ತು, ಆದರೆ ನನ್ನ ಪುಸ್ತಕ ತೊಡೆಯ ಮೇಲೇ ಇತ್ತು. ಡಾಕ್ಟರಮ್ಮ ಸುನಂದಳ ಕಡೆ ತಿರುಗಿ, "ಈ ತಿಂಗಳ ಕೊನೆಗೆ ನೀವು ಶಾಲೆಗೆ ಉತ್ತರ ಕೊಡಬೇಕು ಅಲ್ವಾ?" ಎಂದರು. ನಾನು, "ಅದು ಮೇಡಂ..." ಎಂದು ಶುರು ಮಾಡಿದ್ದೆ. ರೈಟರು ಇದ್ದಕ್ಕಿದ್ದಂತೆ, "ಸ್ವಲ್ಪ ಇರಿ ಗಿರಿಜಮ್ಮ. ನಂಗೊಂದು ಅನುಮಾನ. ನಿಮ್ಮ ತಂಗಿ ಇಲ್ಲಿ ಇದುವರೆಗೆ ಏನೇನು ಹೇಳಿದ್ದಾರೆ ಅಂತ ಪುಸ್ತಕದಲ್ಲಿ ನೋಡಿ ಓದಿ" ಎಂದರು. ಅಧ್ಯಕ್ಷರು ಕೇಳಿದ ಮೇಲೆ ಕಾರ್ಯದರ್ಶಿ ಓದಬೇಕು. ಹನ್ನೊಂದು ವರ್ಷದ ಅಭ್ಯಾಸ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದೆ. ಎರಡನೇ ವಾರ: "ಸುನಂದಳ ಪರವಾಗಿ ಗಿರಿಜಾ ಅವರು ಮಾತನಾಡಿದರು." ಪುಟ ತಿರುಗಿಸಿದೆ. ಮೂರನೇ ವಾರ: "ಸುನಂದಳ ಪರವಾಗಿ ಗಿರಿಜಾ ಅವರು ಮಾತನಾಡಿದರು." ನಾಲ್ಕು. ಐದು. ಆರು. ನನ್ನ ಅಕ್ಷರ ಗುಂಡಗೆ ಮುತ್ತಿನ ಹಾಗಿದೆ ಅಂತ ಮಂಡಳಿಯಲ್ಲಿ ಹೆಸರು. ಒಂದೇ ಸಾಲು ಅಷ್ಟು ಚೆನ್ನಾಗಿ, ಅಷ್ಟು ಸಲ ಬರೆದಿದ್ದೆ. ಏಳನೇ ವಾರದ್ದನ್ನು ಓದಲು ಆಗಲಿಲ್ಲ. ಗಟ್ಟಿ ಗಂಟಲಿನವಳಿಗೆ ಗಂಟಲೇ ಏಳಲಿಲ್ಲ.

ಕೆಳಗಡೆ ಕೊರೆಯುವುದು ನಡೆದೇ ಇತ್ತು. ಯಾರೂ ಪ್ರಾರ್ಥನೆ ಮಾಡಲಿಲ್ಲ, ಯಾರೂ ಮುಂದಿನ ವಿಷಯ ಎನ್ನಲಿಲ್ಲ. ಆ ಸುಮ್ಮನಿರುವುದರೊಳಗೆ ನನಗೆ ಇಪ್ಪತ್ತೇಳು ವರ್ಷ ಹಿಂದಿನ ನಮ್ಮ ತವರಿನ ಜಗಲಿ ಕಂಡಿತು. ಅದಕ್ಕೂ ಎಷ್ಟೋ ವರ್ಷ ಮೊದಲು ಅಮ್ಮ ತೀರಿಕೊಂಡಾಗ ನಾನು ಏಳನೇ ಕ್ಲಾಸು, ಸುನಂದಳಿಗೆ ಐದು ವರ್ಷ. ಒಲೆ ಮುಂದೆ ಕೂರಲು ಒಬ್ಬರು ಬೇಕಿತ್ತು, ನಾನು ಶಾಲೆ ಬಿಟ್ಟೆ. ಅವಳು ಓದಿದಳು, ನಾನೇ ಜಡೆ ಹಾಕಿ ಕಳಿಸುತ್ತಿದ್ದೆ. ಪಿಯುಸಿಯಲ್ಲಿ ಒಳ್ಳೆ ನಂಬರು ಬಂತು. ಕಾಲೇಜಿನ ಕನ್ನಡ ಮೇಡಂ ಒಬ್ಬರು ನಮ್ಮ ಮನೆಗೇ ಬಂದು ಅಪ್ಪನ ಹತ್ತಿರ, "ಇವಳನ್ನ ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿಸಿ. ಹಾಸ್ಟೆಲ್ ಇದೆ, ಎರಡು ವರ್ಷ. ಟೀಚರ್ ಆಗೋಕೇ ಹುಟ್ಟಿದ್ದಾಳೆ" ಎಂದರು. ಅಪ್ಪನನ್ನು ಯಾರು ಏನು ಕೇಳಿದರೂ ಅವರು ನನ್ನ ಮುಖ ನೋಡಿಯೇ ಉತ್ತರ ಹೇಳುತ್ತಿದ್ದದ್ದು. ಅವತ್ತೂ ನನ್ನ ಮುಖ ನೋಡಿದರು. ಸುನಂದ ಒಳಗೆ ಕಾಫಿ ಸೋಸುತ್ತಿದ್ದಳು. ನಾನು, "ಅವಳಿಗೆ ಇಷ್ಟ ಇಲ್ಲ ಮೇಡಂ. ಮನೆ ಬಿಟ್ಟು ಇರೋಕೆ ಭಯ ಅವಳಿಗೆ" ಎಂದೆ. ಅವಳು ಲೋಟಗಳನ್ನು ತಂದಿಟ್ಟಳು, ಕೇಳಿಸಿಕೊಂಡಳು, ಒಳಗೆ ಹೋದಳು. ಮೇಡಂ ಕಾಫಿ ಕುಡಿದು ಹೋದರು.

ಇದನ್ನು ನಾನು ಗುಂಪಿನಲ್ಲಿ ಹೇಳಿದೆ. ಫೋನಿನ ವಿಷಯವನ್ನೂ ಹೇಳಿದೆ. "ಭಯ ಇದ್ದದ್ದು ಅವಳಿಗಲ್ಲ ಮೇಡಂ, ನಂಗೆ" ಎಂದೆ. "ಅವಳು ಹಾಸ್ಟೆಲಿಗೆ ಹೋದ್ರೆ ಆ ಒಲೆ ಮುಂದೆ ನಾನೊಬ್ಬಳೇ ಆಗ್ತಿದ್ದೆ. ಅವಳು ಟೀಚರ್ ಆಗಿ ಬಂದ್ರೆ ನಾನು ಏಳನೇ ಕ್ಲಾಸಿನವಳಾಗೇ ಉಳೀತಿದ್ದೆ. ಹೊಟ್ಟೆಕಿಚ್ಚು ಮೇಡಂ. ಹೊಟ್ಟೆಕಿಚ್ಚು ಅಂತ ಹೇಳೋಕೆ ನಾಚಿಕೆ ಆಗಿ, ಅವಳಿಗೆ ಭಯ ಅಂತ ಹೇಳಿದೆ. ಅಷ್ಟು ವರ್ಷ ಹೇಳಿದ್ದಕ್ಕೆ ಈಗ ಅದು ನಿಜ ಆಗಿ ಕೂತಿದೆ." ಕಮಲಮ್ಮನ ತಲೆಯ ಮೇಲಿನ ಗಂಟು ಮೂರು ಬೀದಿ ಆಚೆಯಿಂದ ಕಂಡವಳಿಗೆ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂತಿದ್ದ ತಂಗಿಯ ತಲೆಯ ಮೇಲೆ ನಾನೇ ಇಟ್ಟ ಗಂಟು ಕಂಡಿರಲಿಲ್ಲ.

ಸುನಂದಳ ಮುಖ ನೋಡಲು ಧೈರ್ಯವಿರಲಿಲ್ಲ, ಅವಳ ಪಾದ ನೋಡುತ್ತಾ ಕೂತೆ. ಪಾದ ಅಲುಗಲಿಲ್ಲ. ಆಮೇಲೆ ಅವಳು ಮಾತಾಡಿದಳು. ಎಂಟು ವಾರದಲ್ಲಿ ಮೊದಲನೇ ಸಲ. "ಅಕ್ಕ, ನಂಗೆ ಅವತ್ತೇ ಗೊತ್ತಿತ್ತು. ಕಾಫಿ ತಟ್ಟೆ ಹಿಡ್ಕೊಂಡು ನಾನು ಇಲ್ಲ, ಹೋಗ್ತೀನಿ ಅನ್ನಬಹುದಿತ್ತು. ಅನ್ನಲಿಲ್ಲ. ನೀನು ಹೇಳಿಬಿಟ್ಟೆ, ನಂಗೂ ಅನುಕೂಲ ಆಯ್ತು. ನಿನ್ನ ಬೆನ್ನ ಹಿಂದೆ ನಿಂತ್ಕೊಂಡ್ರೆ ಯಾರೂ ನನ್ನ ಏನೂ ಕೇಳಲ್ಲ. ತಪ್ಪು ನಿಂದೊಬ್ಬಳದೇ ಅಲ್ಲ" ಎಂದಳು. ಅಷ್ಟೂ ಮಾತು ಒಂದೇ ಉಸಿರಿಗೆ! ನಾನು ಜೋರಾಗಿ ಅಳತೊಡಗಿದೆ. ಸೆಲ್ವಂ ಎದ್ದು ನನಗೆ ನೀರು ತರಲು ಹೊರಟವನು ಡಾಕ್ಟರಮ್ಮನ ಮುಖ ನೋಡಿ ಮತ್ತೆ ಕೂತ. ಸುನಂದ ಇನ್ನೂ ಏನೋ ಹೇಳುತ್ತಿದ್ದಳು. ಕೊನೆಗೆ ಕೇಳಿಸಿದ್ದು, "ಮುಂದಿನ ಮಂಗಳವಾರ ನಾನೊಬ್ಬಳೇ ಬರ್ತೀನಿ ಅಕ್ಕ. ನೀನು ಬರಬೇಡ" ಎಂಬುದು.

ನನ್ನನ್ನು ಗುಂಪಿನಿಂದ ತೆಗೆದುಹಾಕಿದ್ದು ನನ್ನ ತಂಗಿಯೇ. ವಂದನಾರ್ಪಣೆ ಕೂಡ ಆಗಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ಒಂದು ಕಡೆ ಎದೆ ಹಿಂಡಿದ ಹಾಗೆ, ಇನ್ನೊಂದು ಕಡೆ ಎದ್ದು ಕಂಡಕ್ಟರಿಗೆ "ನನ್ನ ತಂಗಿ ಮಾತಾಡಿದಳು ರೀ!" ಎಂದು ಹೇಳಬೇಕು ಅನ್ನಿಸುವಷ್ಟು ಸಂತೋಷ. ಹೇಳಲಿಲ್ಲ. ಇಳಿದವಳೇ ಸುನಂದ ಮನೆಗೆ ಬರಲಿಲ್ಲ, ನೇರವಾಗಿ ದೊಡ್ಡ ಮೇಡಂ ಮನೆಗೆ ಹೋದಳು. ನಾನು ಹಿಂದೆ ನಾಲ್ಕು ಹೆಜ್ಜೆ ಹಾಕಿದೆ. ಅವಳು ತಿರುಗಿ ನೋಡಿದಳು, ನಾನು ಕೊತ್ತಂಬರಿ ಸೊಪ್ಪು ಕೊಳ್ಳಲು ಬಂದವಳ ಹಾಗೆ ಪಕ್ಕದ ಗಾಡಿಯ ಮುಂದೆ ನಿಂತೆ. ಅರ್ಧ ಗಂಟೆಯಲ್ಲಿ ವಾಪಸ್ ಬಂದು, "ಹೂಂ ಅಂದೆ" ಎಂದಳು. "ಎದೆ?" ಎಂದೆ. "ಹೊಡ್ಕೊಳ್ತಾನೇ ಇತ್ತು. ಹೊಡ್ಕೊಳ್ಳಲಿ ಅಂತ ಬಿಟ್ಟೆ" ಎಂದಳು.

ಮುಂದಿನ ಮಂಗಳವಾರ ಅವಳು ಬಸ್‌ಸ್ಟ್ಯಾಂಡಿಗೆ ಹೋದಳು. ನಾನು ಹೋಗುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಆದರೆ ಅದೇ ಹೊತ್ತಿಗೆ ನನಗೆ ಎಳನೀರು ಕುಡಿಯಬೇಕು ಅನ್ನಿಸಿದರೆ ನಾನೇನು ಮಾಡಲಿ? ಗಾಡಿಯ ಮರೆಯಲ್ಲಿ ನಿಂತು ನೋಡಿದೆ. ಒಂದು ಬಸ್ಸು ಬಂತು, ಅವಳು ಹತ್ತಲಿಲ್ಲ. ಎರಡನೆಯದು ಬಂತು, ಕಂಬಿ ಹಿಡಿದಳು, ಬಿಟ್ಟಳು. ನನ್ನ ಕಾಲು ಎರಡು ಸಲ ರಸ್ತೆಗೆ ಇಳಿದು ಎರಡು ಸಲ ಹಿಂದೆ ಬಂತು. ಮೂರನೇ ಬಸ್ಸಿಗೆ ಹತ್ತಿದಳು. ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಡೀ ಸ್ಟ್ಯಾಂಡಿಗೆ ಕೇಳಿಸುವ ಹಾಗೆ, "ಅಕ್ಕ! ಎಳನೀರು ಕುಡಿದಿದ್ದಾಯ್ತಲ್ಲ, ಮನೆಗೆ ಹೋಗೇ!" ಎಂದು ಕೂಗಿದಳು. ಅಷ್ಟು ದೊಡ್ಡ ದನಿ ಅವಳೊಳಗೆ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಸಂಜೆ ಬಂದವಳನ್ನು ನಾನು ಏನೂ ಕೇಳಲಿಲ್ಲ. ಕೇಳದೆ ಇರಲು ಎರಡು ಸೇರು ಅಕ್ಕಿ ಆರಿಸಿದೆ. ಅವಳೇ ಕನಿಕರ ಪಟ್ಟು, "ನಿನ್ನ ಕುರ್ಚೀಲಿ ಯಾರೂ ಕೂತ್ಕೊಳ್ಳಲಿಲ್ಲ ಅಕ್ಕ" ಎಂದಳು. "ಗೌರವಕ್ಕಾ?" ಎಂದೆ. "ಗೊತ್ತಿಲ್ಲ. ಮತ್ತೆ ಬಂದುಬಿಡ್ತಾಳೆ ಅಂತ ಇರಬಹುದು" ಎಂದಳು.

ಜೂನಿನಿಂದ ಅವಳು ಯುಕೆಜಿ ಟೀಚರು. ಇದನ್ನೆಲ್ಲ ಬರೆದು, ಯಾರಿಗೂ ತೋರಿಸುವ ಮೊದಲು ಇವತ್ತು ಬೆಳಿಗ್ಗೆ ಅವಳಿಗೆ ಓದಿ ಹೇಳಿದೆ. ಕೇಳದೆ ಅವಳ ವಿಷಯ ಬರೆಯಬಾರದು ಅನ್ನುವಷ್ಟು ಬುದ್ಧಿ ಈಗ ಬಂದಿದೆ. ಅವಳು ಸೀರೆಗೆ ಪಿನ್ ಹಾಕಿಕೊಳ್ಳುತ್ತಾ ಎಲ್ಲವನ್ನೂ ಕೇಳಿದಳು, ಎರಡು ಕಡೆ ನಕ್ಕಳು. ಕೊನೆಗೆ, "ಬರಿ ಅಕ್ಕ, ನಂದೇನೂ ಅಡ್ಡಿ ಇಲ್ಲ. ಆದ್ರೆ ಆ ದಿನ ನಾನು ಹೇಳಿದ್ದು ಅದಲ್ಲ" ಎಂದಳು. ನಾನು ಓದುತ್ತಿದ್ದ ಹಾಳೆ ಕೆಳಗಿಟ್ಟೆ. "ಅದಲ್ಲ ಅಂದ್ರೆ? ನಾನು ಪಕ್ಕದಲ್ಲೇ ಕೂತಿದ್ದೆನಲ್ಲೇ!" "ಕೂತಿದ್ದೆ. ನಾನು ಅರ್ಧ ಹೇಳೋದ್ರೊಳಗೆ ನೀನು ಅಳೋಕೆ ಶುರು ಮಾಡಿದೆ. ಮುಖ್ಯವಾದ್ದು ಹೇಳಿದ್ದು ಆಮೇಲೆ." "ಏನದು? ಹೇಳೇ!" ಎಂದೆ. "ಟೈಮಾಯ್ತು ಅಕ್ಕ, ಮಕ್ಕಳು ಬಂದಿರ್ತಾವೆ" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು.

ಒಂಬತ್ತು ಗಂಟೆಯಿಂದ ಇಲ್ಲಿಯವರೆಗೆ ಇದೇ ಯೋಚನೆ. ತಡೆಯಲಾಗದೆ ಒಳಗೆ ಹೋಗಿ ಯಜಮಾನರ ಮುಂದೆ ನಿಂತು, "ರೀ, ಅವಳು ಏನು ಹೇಳಿರಬಹುದು? ನಿಮಗೇನನ್ಸುತ್ತೆ?" ಎಂದು ಕೇಳಿದೆ. ಅವರು ಪೇಪರು ಮಡಚಿಟ್ಟು, ಇಪ್ಪತ್ತೈದು ವರ್ಷದಲ್ಲಿ ನಾನು ಮೊದಲ ಸಲ ಅವರ ಅಭಿಪ್ರಾಯ ಕೇಳಿದ್ದಕ್ಕೆ ಖುಷಿಯಾಗಿ, ನೆಟ್ಟಗೆ ಕೂತು, ಗಂಟಲು ಸರಿ ಮಾಡಿಕೊಂಡು ಬಾಯಿ ತೆರೆದರು.

"ನಿಮಗೆಲ್ಲಿ ಗೊತ್ತಾಗುತ್ತೆ, ಬಿಡಿ" ಎಂದು ಹೇಳಿ ನಾನು ಅಡುಗೆಮನೆಗೆ ಬಂದೆ.